ಎಲ್ಲಾ ಟೆಸ್ಟ್ ನಾರ್ಮಲ್, ಆದ್ರೂ ಡಿಪ್ರೆಶನ್ ಅಂದ್ರು

ಪ್ರಶ್ನೆ: ನಮ್ಮಮ್ಮಂಗೆ 52 ವರ್ಷ, ದಾವಣಗೆರೆ ಹತ್ರ ಹಳ್ಳಿಲಿದಾರೆ. ಆರು ತಿಂಗಳಿಂದ ತಲೆನೋವು, ಮೈಕೈ ನೋವು, ಎದೆ ಉರಿ, ಸುಸ್ತು. ರಕ್ತ, ಇಸಿಜಿ, ತಲೆ ಸ್ಕ್ಯಾನಿಂಗ್ ಎಲ್ಲಾ ಮಾಡಿಸಿದ್ವಿ, ಎಲ್ಲಾ ನಾರ್ಮಲ್. ಕೊನೆಗೆ ಮನೋವೈದ್ಯರ ಹತ್ರ ಕಳ್ಸಿದ್ರು, ಅವ್ರು ಮುಕ್ಕಾಲು ಗಂಟೆ ಮಾತಾಡ್ಸಿ ಡಿಪ್ರೆಶನ್ ಅಂತ ಬರೆದುಬಿಟ್ರು. ಒಂದು ಟೆಸ್ಟೂ ಮಾಡ್ದೆ ಹೆಂಗೆ ಹೇಳ್ತಾರೆ? ಅಪ್ಪ ಮಾತ್ರೆ ತಗೋಬೇಡ ಅಂತಿದಾರೆ.

ಉತ್ತರ: ನಿಮ್ಮಪ್ಪನಿಗೆ ಅನುಮಾನ ಬಂದಿದ್ರಲ್ಲಿ ತಪ್ಪಿಲ್ಲ ಬಿಡಿ, ಶುಗರ್‌ಗೆ ಒಂದು ನಂಬರ್ ಬರುತ್ತೆ ಬಿಪಿಗೆ ಒಂದು ನಂಬರ್ ಬರುತ್ತೆ, ಇದಕ್ಯಾಕೆ ಇಲ್ಲ ಅಂತ ಯಾರಿಗಾದ್ರೂ ಅನ್ಸುತ್ತೆ. ಡಿಪ್ರೆಶನ್ ಇದೆ ಅಂತ ತೋರಿಸೋ ರಕ್ತ ಪರೀಕ್ಷೆಯಾಗ್ಲಿ ಸ್ಕ್ಯಾನಾಗ್ಲಿ ಇವತ್ತಿಗೂ ಇಲ್ಲ. ಸೆರಟೋನಿನ್ ಅನ್ನೋ ರಾಸಾಯನಿಕದ ಲೆವೆಲ್ ನೋಡಿ ಹೇಳ್ತೀವಿ ಅಂತ ಯಾರಾದ್ರೂ ಪ್ಯಾಕೇಜ್ ಮಾರಕ್ಕೆ ಬಂದ್ರೆ ದಯವಿಟ್ಟು ದುಡ್ಡು ಕೊಡ್ಬೇಡಿ.

ಹಾಗಂತ ನೀವು ಮಾಡಿಸಿದ ರಕ್ತ ಪರೀಕ್ಷೆ ವ್ಯರ್ಥ ಅಲ್ಲ. ಥೈರಾಯ್ಡ್ ಕಮ್ಮಿ ಆದ್ರೆ, ರಕ್ತ ಕಮ್ಮಿ ಇದ್ರೆ, ಬಿ12 ಇಳಿದ್ರೆ ಇದೇ ಥರ ಸುಸ್ತು, ಬೇಜಾರು, ಯಾವುದ್ರಲ್ಲೂ ಮನಸ್ಸಿಲ್ದಿರೋದು ಎಲ್ಲಾ ಬರುತ್ತೆ, ಅವು ಇಲ್ಲ ಅಂತ ಮೊದ್ಲು ಖಾತ್ರಿ ಮಾಡ್ಕೋಬೇಕು. ನಿಮ್ಮ ರಿಪೋರ್ಟಲ್ಲಿ ಟಿಎಸ್‌ಎಚ್, ಅಂದ್ರೆ ಥೈರಾಯ್ಡ್ ಪರೀಕ್ಷೆ, ಇದ್ಯಾ ಒಂದ್ಸಲ ನೋಡಿ, ಇಲ್ದಿದ್ರೆ ಡಾಕ್ಟ್ರನ್ನ ಕೇಳಿ. ಅಮ್ಮ ಬೇರೆ ಯಾವ ಮಾತ್ರೆ ತಗೋತಾರೆ, ಮುಟ್ಟು ನಿಲ್ತಿರೋ ಸಮಯನಾ ಅನ್ನೋದನ್ನೂ ಹೇಳಿ.

ಇನ್ನು ಆ ಮುಕ್ಕಾಲು ಗಂಟೆ ಮಾತು. ಅದೇ ಟೆಸ್ಟು. ಡಾಕ್ಟ್ರು ಮನಸಲ್ಲಿ ಇಟ್ಕೊಂಡು ಹುಡುಕೋದು ಒಂಬತ್ತು ಲಕ್ಷಣ: ದಿನವೆಲ್ಲಾ ಬೇಜಾರು, ಮೊದ್ಲು ಇಷ್ಟ ಆಗ್ತಿದ್ದದ್ರಲ್ಲಿ ಆಸಕ್ತಿ ಹೋಗಿರೋದು, ನಿದ್ದೆ, ಊಟ-ತೂಕ, ಸುಸ್ತು, ಮಾತು-ನಡಿಗೆ ನಿಧಾನ ಆಗೋದು ಅಥವಾ ಚಡಪಡಿಕೆ, ಗಮನ ನಿಲ್ದಿರೋದು, ನಾನು ಯಾತಕ್ಕೂ ಬೇಡ ಅನ್ನೋ ಭಾವನೆ, ಸಾವಿನ ಯೋಚನೆ. ಇದ್ರಲ್ಲಿ ಐದಾದ್ರೂ ಎರಡು ವಾರ ಹೆಚ್ಚುಕಮ್ಮಿ ದಿನಾ ಇರ್ಬೇಕು, ಮೊದಲೆರಡ್ರಲ್ಲಿ ಒಂದಂತೂ ಇರ್ಲೇಬೇಕು, ಮನೆಕೆಲಸ ಹೊಲದ ಕೆಲಸಕ್ಕೆ ತೊಂದ್ರೆ ಆಗಿರ್ಬೇಕು.

ನಮ್ಮ ಕಡೆ ಹೆಣ್ಮಕ್ಕಳು ನಂಗೆ ದುಃಖ ಆಗ್ತಿದೆ ಅಂತ ಬಾಯಿಬಿಟ್ಟು ಹೇಳೋದು ಕಮ್ಮಿ, ಉರಿ ಅಂತಾರೆ, ಜೋಮು ಅಂತಾರೆ, ತಲೆ ಭಾರ ಅಂತಾರೆ, ಅದು ನಾಟಕ ಅಲ್ಲ, ಆ ನೋವು ನಿಜವಾಗ್ಲೂ ಆಗ್ತಿರುತ್ತೆ. ಅದಕ್ಕೇ ಡಾಕ್ಟ್ರು ಸುತ್ತಿ ಬಳಸಿ ಕೇಳ್ತಾರೆ, ಈ ಸಲ ಹಬ್ಬಕ್ಕೆ ಹೋಳಿಗೆ ಮಾಡಿದ್ರಾ, ತವರಿಗೆ ಹೋಗಿ ಎಷ್ಟು ದಿನ ಆಯ್ತು, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗಿ ಆಮೇಲೆ ನಿದ್ದೆ ಹತ್ತಲ್ವಾ, ಬೆಳಗ್ಗೆ ಜಾಸ್ತಿ ಸಂಕಟ ಸಂಜೆಗೆ ಸ್ವಲ್ಪ ಹಗುರನಾ. ಮನೇಲಿ ಯಾರಾದ್ರೂ ತೀರ್ಕೊಂಡ್ರಾ ಅಂತ ಕೇಳ್ತಾರೆ, ಅಗಲಿಕೆ ದುಃಖಾನೂ ಖಿನ್ನತೆನೂ ಒಂದೇ ಅಲ್ಲ. ಹಿಂದೆ ಯಾವಾಗ್ಲಾದ್ರೂ ನಿದ್ದೆನೇ ಬೇಡ ಅನ್ನೋಷ್ಟು ಹುರುಪು, ವಿಪರೀತ ಮಾತು, ಕೈಗೆ ಸಿಕ್ಕಂಗೆ ಖರ್ಚು ಮಾಡಿದ್ದು ಇತ್ತಾ ಅಂತಾನೂ ಕೇಳ್ತಾರೆ, ಯಾಕಂದ್ರೆ ಅದು ಬೈಪೋಲಾರ್, ಅಂದ್ರೆ ಒಮ್ಮೆ ಅತಿ ಹುರುಪು ಒಮ್ಮೆ ಖಿನ್ನತೆ ಬರೋ ಕಾಯಿಲೆ, ಆಗಿದ್ರೆ ಖಿನ್ನತೆ ಮಾತ್ರೆ ಒಂದೇ ಕೊಟ್ರೆ ಮನಸ್ಸು ಇನ್ನೊಂದು ತುದಿಗೆ ಹೋಗಿಬಿಡೋ ಅಪಾಯ ಇದೆ. ಸಾಯ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳ್ತಾರೆ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು, ಎಷ್ಟೋ ಜನಕ್ಕೆ ಅದು ಹೇಳ್ಕೊಳಕ್ಕೆ ಸಿಗೋ ಮೊದಲ ಜಾಗ.

ನಂಗೆ ತುಂಬಾ ನೋವಾಗೋದು ಯಾವಾಗ ಅಂದ್ರೆ, ಪ್ರಶ್ನೆ ಅಮ್ಮಂಗೆ ಕೇಳಿದ್ರೆ ಉತ್ತರ ಮಗನೋ ಗಂಡನೋ ಕೊಟ್ಟುಬಿಡ್ತಾರೆ, ಏನಿಲ್ಲ ಡಾಕ್ಟ್ರೇ ಸುಮ್ನೆ ತಲೆ ಕೆಡಿಸ್ಕೊಳ್ತಾಳೆ ಅಷ್ಟೇ ಅಂತ. ಮುಂದಿನ ಸಲ ಅಮ್ಮನ್ನ ಸ್ವಲ್ಪ ಹೊತ್ತು ಒಬ್ರನ್ನೇ ಒಳಗೆ ಬಿಡಿ, ನೀವು ಕಂಡಿದ್ದನ್ನ ಆಮೇಲೆ ಹೇಳಿ.

ಅಪ್ಪನಿಗೆ ಇದನ್ನ ಹೇಳಿ: 2015-16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಲಿ ಸುಮಾರು 20 ಜನಕ್ಕೆ ಒಬ್ರಿಗೆ ಜೀವನದಲ್ಲಿ ಯಾವಾಗ್ಲಾದ್ರೂ ಖಿನ್ನತೆ ಬಂದಿರುತ್ತೆ ಅಂತ ಕಂಡ್ತು, ಅದನ್ನೂ ಮನೆಮನೆಗೆ ಹೋಗಿ ಪ್ರಶ್ನೆ ಕೇಳೇ ಕಂಡ್ಕೊಂಡಿದ್ದು. ಮಾತ್ರೆ ಕೆಲಸ ಮಾಡಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗುತ್ತೆ, ನಾಲ್ಕು ದಿನ ತಗೊಂಡು ಏನೂ ಆಗ್ಲಿಲ್ಲ ಅಂತ ನಿಲ್ಲಿಸ್ಬೇಡಿ, ಅನುಮಾನ ಇದ್ರೆ ಅದೇ ಡಾಕ್ಟ್ರ ಮುಂದೆ ಅಪ್ಪನೇ ಕೂತು ಕೇಳ್ಲಿ.

ಪ್ರಶ್ನೆ: ಬೆಂಗಳೂರಲ್ಲಿ ಐಟಿ ಕೆಲಸ, 26 ವರ್ಷ. ಫೋನಲ್ಲಿ ಒಂಬತ್ತು ಪ್ರಶ್ನೆ ಟೆಸ್ಟ್ ತಗೊಂಡೆ, 14 ಬಂತು. ನಂಗೆ ಡಿಪ್ರೆಶನ್ ಇದ್ಯಾ?

ಉತ್ತರ: ನೀವು ತಗೊಂಡಿದ್ದು ಪಿಎಚ್‌ಕ್ಯೂ-9 ಇರ್ಬೇಕು. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27, 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟ್ರಿಗೆ ತೋರಿಸಿ ಅಂತ ಅರ್ಥ. ಅದು ಜರಡಿ ಇದ್ದಂಗೆ, ನೈಟ್ ಶಿಫ್ಟಲ್ಲಿ ನಿದ್ದೆ ಕೆಟ್ಟೋರಿಗೂ ಅಂಕ ಏರುತ್ತೆ, ಹಾಗಾಗಿ 14 ನೋಡಿ ಇದೆ ಅಂತಾನೂ ಹೇಳಲ್ಲ ಇಲ್ಲ ಅಂತಾನೂ ಹೇಳಲ್ಲ, ಈ ವಾರಾನೇ ಹೋಗಿ ತೋರಿಸ್ಕೊಳ್ಳಿ ಅಂತ ಹೇಳ್ತೀನಿ. ಒಂಬತ್ತನೇ ಪ್ರಶ್ನೆಗೆ, ಅಂದ್ರೆ ಸಾಯೋದು ಅಥವಾ ಗಾಯ ಮಾಡ್ಕೊಳೋ ಯೋಚನೆ ಬಗ್ಗೆ ಕೇಳೋದಕ್ಕೆ, ಸೊನ್ನೆ ಬಿಟ್ಟು ಬೇರೆ ಏನೇ ಒತ್ತಿದ್ರೂ ಒಟ್ಟು ಅಂಕ ನೋಡ್ತಾ ಕೂರ್ಬೇಡಿ, ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು. ಸ್ಕ್ರೀನ್‌ಶಾಟ್ ಇಟ್ಕೊಂಡಿರಿ, ಚಿಕಿತ್ಸೆ ಶುರುವಾದ್ರೆ ಎರಡು ತಿಂಗಳು ಬಿಟ್ಟು ಅದೇ ಒಂಬತ್ತು ಪ್ರಶ್ನೆ ಮತ್ತೆ ಕೇಳಿ ಎಷ್ಟು ಇಳೀತು ಅಂತ ಡಾಕ್ಟ್ರು ಹೋಲಿಸಿ ನೋಡ್ತಾರೆ.