ಮೂಳೆ ಮುರಿದರೂ ಪ್ರಮಾಣಪತ್ರದಲ್ಲಿ ‘ಸಾಮಾನ್ಯ ಗಾಯ’ ಏಕೆ?

ಬದುವಿನ ಜಗಳದಲ್ಲಿ ತಳ್ಳಿ ಬೀಳಿಸಿದಾಗ ನಿಮ್ಮ ತಂದೆಯ ಮಣಿಕಟ್ಟಿನ ಮೂಳೆ ಮುರಿದಿದ್ದರೂ ಗಾಯದ ಪ್ರಮಾಣಪತ್ರದಲ್ಲಿ ‘ಸಾಮಾನ್ಯ’ ಎಂದಿರುವುದಕ್ಕೆ ಬಹುಶಃ ಒಂದೇ ಕಾರಣ: ಎಕ್ಸ್‌ರೇ ವರದಿ ಬರುವ ಮೊದಲೇ ಅದನ್ನು ಬರೆದಿದ್ದಾರೆ. ನನ್ನ ತಮ್ಮನ ಪ್ರಕರಣದಲ್ಲೂ ಹೀಗೇ ಆಗಿತ್ತು. ‘ಊತ, ನೋವು’ ಎಂಬ ಎರಡೇ ಪದಗಳಿದ್ದವು.

ನೋವು ಎಷ್ಟೆಂಬುದೊಂದನ್ನೇ ಕಾನೂನು ನೋಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ತೀವ್ರ ಗಾಯದ ಎಂಟು ಬಗೆಗಳನ್ನು ಹೇಳುತ್ತದೆ. ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಮುಖ ವಿರೂಪವಾಗುವುದು, 15 ದಿನ ದೈನಂದಿನ ಕೆಲಸ ಮಾಡಲಾಗದಿರುವುದು ಅದರಲ್ಲಿವೆ. ಮೂಳೆ ಅಥವಾ ಹಲ್ಲು ಮುರಿದರೂ ಸಾಕು, ಜಾರಿದರೂ ಸಾಕು. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆ ಅನ್ವಯಿಸುತ್ತದೆ. ಅಲ್ಲಿ 15ರ ಬದಲು 20 ದಿನ.

ಮೊದಲು ಎಕ್ಸ್‌ರೇ ಫಿಲ್ಮ್ ಮತ್ತು ರೇಡಿಯಾಲಜಿ ವರದಿ ಪಡೆಯಿರಿ. ಹೆಸರು, ದಿನಾಂಕ ಸರಿಯಿವೆಯೇ ನೋಡಿ. ನಂತರ ಪ್ರಮಾಣಪತ್ರ ಕೊಟ್ಟ ವೈದ್ಯಾಧಿಕಾರಿಗೆ, ವರದಿ ಆಧರಿಸಿ ಅಂತಿಮ ಅಭಿಪ್ರಾಯ ಕೊಡುವಂತೆ ಅರ್ಜಿ ಬರೆಯಿರಿ. ಎಂಎಲ್‌ಸಿ (ಆಸ್ಪತ್ರೆಯ ವೈದ್ಯಕೀಯ-ಕಾನೂನು ಪ್ರಕರಣ) ಸಂಖ್ಯೆ ಮರೆಯಬೇಡಿ, ಅದಿಲ್ಲದೆ ಕಡತ ಹುಡುಕುವುದೇ ಕಷ್ಟ. ಅರ್ಜಿಯ ಪ್ರತಿಯನ್ನು ತನಿಖಾಧಿಕಾರಿಗೆ ಕೊಟ್ಟು, ತೀವ್ರ ಗಾಯಕ್ಕೆ ಶಿಕ್ಷೆ ಹೇಳುವ 117(2)ನೇ ಕಲಮು ಸೇರಿಸುವಂತೆ ಕೋರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಮಾನ್ಯ ಗಾಯಕ್ಕೆ ಗರಿಷ್ಠ 1 ವರ್ಷ ಶಿಕ್ಷೆ, ತೀವ್ರ ಗಾಯಕ್ಕೆ 7 ವರ್ಷ, ವ್ಯತ್ಯಾಸ ಸಣ್ಣದಲ್ಲ.

ಎಕ್ಸ್‌ರೇ ಖಾಸಗಿಯಾಗಿ ತೆಗೆಸಿದ್ದರೆ ವೈದ್ಯರು ಒಪ್ಪುತ್ತಾರೆಂದು ಖಚಿತವಾಗಿ ಹೇಳಲಾರೆ, ಮತ್ತೊಮ್ಮೆ ತೆಗೆಸಲು ಹೇಳಬಹುದು. ಆರೋಪಪಟ್ಟಿ ಈಗಾಗಲೇ ಸಲ್ಲಿಕೆಯಾಗಿದ್ದರೆ ಠಾಣೆಗೆ ಅಲೆಯಬೇಡಿ, ವರದಿಯೊಂದಿಗೆ ನೇರವಾಗಿ ಸರ್ಕಾರಿ ಅಭಿಯೋಜಕರನ್ನು ಕಾಣಿರಿ.