ಕೇಳಲಿಲ್ಲ

ರಾಜಕೀಯದ ಕಾರಣಕ್ಕೆ ಒಡಹುಟ್ಟಿದವರೊಂದಿಗೆ ಮಾತು ಬಿಟ್ಟವರು ಈಚಿನ ವರ್ಷಗಳಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೂ ಮೈ ಉರಿಯುತ್ತದೆ ಎಂದು ಆರಂಭಿಸುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಣ್ಣನೋ ತಂಗಿಯೋ ಮಾತಿನೊಳಗೆ ಬಂದಿರುತ್ತಾರೆ. ಅಂಥ ಒಬ್ಬರ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನಾನು ತಪ್ಪು ಮಾಡಿದ್ದೆ. ಅಲ್ಲದೆ, ಅವರು ಕೇಳಿದ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ನನ್ನ ಕೆಲವು ಸಹೋದ್ಯೋಗಿಗಳು ಇಂದಿಗೂ ಒಪ್ಪಿಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಲವತ್ತರ ಆಸುಪಾಸಿನ ವ್ಯಕ್ತಿ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು, ಅಣ್ಣನೊಂದಿಗೆ ಮಾತು ನಿಂತು ಒಂದೂವರೆ ವರ್ಷ. ಅಣ್ಣ ಒಬ್ಬ ನಾಯಕನ ಅಭಿಮಾನಿ, ಇವರು ಅದೇ ನಾಯಕನ ಕಡು ವಿರೋಧಿ. ಯಾರು ಯಾವ ಪಕ್ಷ ಎಂದು ಬರೆಯುವುದಿಲ್ಲ. ಎರಡೂ ಕಡೆಯವರು ನನ್ನ ಎದುರಿನ ಅದೇ ಕುರ್ಚಿಯಲ್ಲಿ ಕುಳಿತು ಅತ್ತಿದ್ದಾರೆ. ರಾತ್ರಿ ಎರಡು ಗಂಟೆಯವರೆಗೂ ಮೊಬೈಲಿನಲ್ಲಿ ಸುದ್ದಿ ನೋಡುವುದು, ಮುಖ ಕಾಣದವರೊಂದಿಗೆ ಜಗಳವಾಡುವುದು, ಬೆಳಗ್ಗೆ ಮಕ್ಕಳ ಮೇಲೆ ರೇಗುವುದು. ಇಷ್ಟು ಹಿನ್ನೆಲೆ ಸಾಕು.

ತಪ್ಪು ಮಾಡಿದ್ದು ಮೂರನೇ ಭೇಟಿಯಲ್ಲಿ. ತಂದೆಯ ಬಗ್ಗೆ ಅವರು ಹೆಚ್ಚೇನೂ ಮಾತನಾಡುತ್ತಿರಲಿಲ್ಲ, ನಾಯಕನ ಬಗ್ಗೆ ನಿಲ್ಲಿಸುತ್ತಲೇ ಇರಲಿಲ್ಲ. ನನಗೆ ಎಲ್ಲವೂ ಅರ್ಥವಾಯಿತು ಅನ್ನಿಸಿತು. ‘ಈ ಸಿಟ್ಟು ಆ ನಾಯಕನ ಮೇಲಲ್ಲ, ನಿಮ್ಮ ತಂದೆಯ ಮೇಲೆ ಇರಬಹುದು’ ಎಂದುಬಿಟ್ಟೆ. ಅವರ ಮುಖ ಬಿಗಿಯಿತು. ಮುಂದಿನ ಎರಡು ವಾರ ಬರಲಿಲ್ಲ. ಇಂಥ ಆತುರಕ್ಕೆ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1910ರಲ್ಲಿಯೇ ‘ಕಾಡು ಮನೋವಿಶ್ಲೇಷಣೆ’ ಎಂದು ಹೆಸರಿಟ್ಟಿದ್ದರು. ಒಳಗಿನ ಸಂಗತಿಯನ್ನು ಹೊರಗಿನಿಂದ ತಿಳಿಸಿಬಿಟ್ಟರೆ ನರಳಾಟ ನಿಲ್ಲುತ್ತದೆಂದು ನಂಬುವುದು ಬರಗಾಲದಲ್ಲಿ ಊಟದ ಪಟ್ಟಿ ಹಂಚಿದ ಹಾಗೆ ಎಂಬುದು ಅವರ ಹೋಲಿಕೆ. ಅದನ್ನು ಓದಿದ್ದೆ, ತರಬೇತಿಯಲ್ಲಿ ಇತರರಿಗೆ ಹೇಳಿಯೂ ಇದ್ದೆ. ಆದರೂ ಆ ದಿನ ಹಂಚಿದ್ದು ಪಟ್ಟಿಯನ್ನೇ.

ಅವರು ಮರಳಿ ಬಂದರು. ಅದಕ್ಕೆ ನಾನು ಅವರಿಗೆ ಋಣಿ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ, ಕ್ಷಮೆ ಕೇಳಿದೆ, ಆಮೇಲೆ ಹೆಚ್ಚು ಸುಮ್ಮನಿದ್ದೆ.

ಏಳನೇ ಭೇಟಿಯ ದಿನ ಅವರು ಬಂದಿದ್ದೇ ಕುದಿಯುತ್ತ. ಹಿಂದಿನ ದಿನ ಚರ್ಚೆಯೇ ಇಲ್ಲದೆ ಒಂದು ಕಾನೂನು ಅಂಗೀಕಾರವಾಗಿತ್ತು. ‘ಯಾರನ್ನೂ ಕೇಳಲಿಲ್ಲ. ಜನರನ್ನು ಕೇಳಲಿಲ್ಲ, ವಿರೋಧ ಪಕ್ಷವನ್ನು ಕೇಳಲಿಲ್ಲ.’ ಇಪ್ಪತ್ತು ನಿಮಿಷಗಳಲ್ಲಿ ಆ ಕ್ರಿಯಾಪದ ಎಷ್ಟು ಸಲ ಬಂತೋ. ಅದನ್ನು ಮೊದಲೂ ಕೇಳಿದ್ದೇನೆ ಎಂಬುದು ಆಗ ಹೊಳೆಯಿತು. ತಂದೆಯ ಕೊನೆಯ ದಿನ, ಕೃತಕ ಉಸಿರಾಟ ಮುಂದುವರಿಸಬೇಕೇ ಬೇಡವೇ ಎಂಬುದನ್ನು ಅಣ್ಣನೊಬ್ಬನೇ ತೀರ್ಮಾನಿಸಿದ ಸಂಗತಿಯನ್ನು ಎರಡನೇ ಭೇಟಿಯಲ್ಲಿ ಅವರು ಒಂದೇ ವಾಕ್ಯದಲ್ಲಿ ಹೇಳಿ ದಾಟಿದ್ದರು: ‘ನನ್ನನ್ನು ಒಂದು ಮಾತು ಕೇಳಲಿಲ್ಲ.’

ಈ ಬಾರಿ ನಾನು ವಿವರಿಸಲು ಹೋಗಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಆ ಒಂದು ಪದವನ್ನಷ್ಟೇ ಮರಳಿಸಿದೆ. ‘ಕೇಳಲಿಲ್ಲ?’

ನಮ್ಮ ಭಾಷೆಯಲ್ಲಿ ಈ ಪದಕ್ಕೆ ಎರಡು ಬಾಗಿಲು. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಟ್ಟು ಕೇಳುವುದೂ ಕೇಳುವುದೇ. ನಾನು ಮೊದಲ ಬಾಗಿಲು ತಟ್ಟಿದ್ದೆ, ಅವರು ಎರಡನೆಯದರಿಂದ ಹೊರಗೆ ಬಂದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದರು. ತಂದೆ ಪ್ರಜ್ಞೆ ತಪ್ಪುವ ಹಿಂದಿನ ರಾತ್ರಿ ಆಸ್ಪತ್ರೆಯಿಂದ ಕರೆ ಮಾಡಿದ್ದರು. ಆಗ ಇವರು ಟಿವಿಯಲ್ಲಿ ಚುನಾವಣಾ ಚರ್ಚೆ ನೋಡುತ್ತಿದ್ದರು. ಧ್ವನಿ ತಗ್ಗಿಸಲಿಲ್ಲ. ತಂದೆ ಏನೋ ಹೇಳಿದರು, ಇವರು ‘ಹೂಂ, ನಾಳೆ ಮಾತನಾಡೋಣ’ ಎಂದರು. ‘ಅಪ್ಪ ಏನು ಹೇಳಿದರೋ, ನನಗೆ ಕೇಳಲಿಲ್ಲ. ಏನೆಂದು ನಾನೂ ಕೇಳಲಿಲ್ಲ.’

ಅಂದು ಅವರು ಅತ್ತರು. ಎರಡು ವರ್ಷಗಳಲ್ಲಿ ಅದೇ ಮೊದಲು ಎಂದರು.

ಶೋಕ ಮತ್ತು ವಿಷಣ್ಣತೆಯ ಬಗ್ಗೆ 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಫ್ರಾಯ್ಡ್ ಒಂದು ಸೂಕ್ಷ್ಮವನ್ನು ಗುರುತಿಸುತ್ತಾರೆ: ವಿಷಣ್ಣರು ತಮ್ಮ ಮೇಲೆಯೇ ಹೊರಿಸಿಕೊಳ್ಳುವ ದೂರುಗಳು ಹಲವು ಬಾರಿ ಬೇರೊಬ್ಬರ ಮೇಲಿನ ಆಪಾದನೆಗಳಾಗಿರುತ್ತವೆ. ಇಲ್ಲಿ ದಿಕ್ಕು ತಿರುಗಿತ್ತು. ತಮ್ಮ ಮೇಲಿನ ಆಪಾದನೆಯನ್ನು ಹೊರಲಾರದೆ ಅವರು ಅದನ್ನು ಅಣ್ಣನ ಮೇಲೂ, ಅಲ್ಲಿಂದ ಇಡೀ ಒಂದು ಪಕ್ಷದ ಮೇಲೂ ಇಳಿಸಿದ್ದರು.

ಆದರೆ ಭೇಟಿ ಮುಗಿಯುವ ಮೊದಲು ಅವರು ಕಣ್ಣೊರೆಸಿಕೊಂಡು ಕೇಳಿದರು: ‘ಹಾಗಾದರೆ ನನ್ನ ರಾಜಕೀಯವೆಲ್ಲ ಸುಳ್ಳೇ? ಅದು ಬರೀ ಅಪ್ಪನ ದುಃಖವೇ?’

‘ಅಲ್ಲ’ ಎಂದೆ. ‘ಆ ಕಾನೂನನ್ನು ಚರ್ಚೆಯಿಲ್ಲದೆ ತಂದದ್ದು ನಿಮ್ಮ ತಂದೆ ಬದುಕಿದ್ದರೂ ತಪ್ಪೇ ಆಗಿರುತ್ತಿತ್ತು ಎಂದು ನೀವು ಭಾವಿಸಿದರೆ, ಆ ಅಭಿಪ್ರಾಯ ನಿಮ್ಮದೇ.’

ಸಹೋದ್ಯೋಗಿಗಳ ಆಕ್ಷೇಪ ಇರುವುದು ಇಲ್ಲಿ. ಮೂಲ ಕೈಗೆ ಸಿಕ್ಕಿದ್ದಾಗ ಅದನ್ನು ಬಿಗಿಯಾಗಿ ಹಿಡಿಯಬೇಕಿತ್ತು, ಸುದ್ದಿ ನೋಡುವುದನ್ನು ಬಿಡಿ, ಅಣ್ಣನೊಂದಿಗೆ ರಾಜಿಯಾಗಿ ಎನ್ನಬೇಕಿತ್ತು ಎನ್ನುತ್ತಾರೆ. ನಿದ್ದೆಯ ದೃಷ್ಟಿಯಿಂದ ಅವರ ಮಾತು ಸರಿ. ರಾತ್ರಿ ಹತ್ತರ ನಂತರ ಮೊಬೈಲ್ ಬೇಡ ಎಂದು ನಾನೂ ಹೇಳಿದೆ, ವೈದ್ಯರ ಬಳಿಗೂ ಕಳುಹಿಸಿದೆ. ಅದಕ್ಕಿಂತ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಭಾವನೆ ಎಲ್ಲಿ ಹುಟ್ಟಿತು ಎಂಬುದು ಒಂದು ಪ್ರಶ್ನೆ, ಒಂದು ಮಾತು ನಿಜವೇ ಎಂಬುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದರೆ ನಾಗರಿಕರ ಪ್ರತಿಯೊಂದು ಸಿಟ್ಟನ್ನೂ ಬಾಲ್ಯದ ಗಾಯವೆಂದು ತಳ್ಳಿಹಾಕಬಹುದು. ಅಧಿಕಾರದಲ್ಲಿರುವವರಿಗೆ ಅದಕ್ಕಿಂತ ಅನುಕೂಲವಾದ ಮನಶ್ಶಾಸ್ತ್ರ ಇನ್ನೊಂದಿಲ್ಲ.

ಫ್ರಾಂಟ್ಜ್ ಫ್ಯಾನನ್ ನನಗೆ ಮುಖ್ಯವಾಗುವುದು ಈ ಕಾರಣಕ್ಕೆ. ಅವರು 1953ರಿಂದ ಅಲ್ಜೀರಿಯದ ಬ್ಲೀಡಾದಲ್ಲಿ ಮನೋವೈದ್ಯರಾಗಿದ್ದರು. ಫ್ರೆಂಚ್ ಆಡಳಿತ ಜನರನ್ನು ಅವರ ನೆಲದಲ್ಲಿಯೇ ಪರಕೀಯರನ್ನಾಗಿ ಮಾಡುತ್ತಿರುವಾಗ, ಅದೇ ವ್ಯವಸ್ಥೆಗೆ ರೋಗಿಗಳನ್ನು ಹೊಂದಿಸುವ ಕೆಲಸಕ್ಕೆ ಅರ್ಥವಿಲ್ಲವೆಂದು 1956ರಲ್ಲಿ ರಾಜೀನಾಮೆ ಕೊಟ್ಟರು. ನನ್ನ ಎದುರಿಗಿದ್ದವರ ನೋವು ಅಷ್ಟು ದೊಡ್ಡ ಚರಿತ್ರೆಯದಲ್ಲ. ಆದರೂ ಕಾಯಿಲೆ ಯಾವಾಗಲೂ ಮನುಷ್ಯನ ಒಳಗೇ ಇರುತ್ತದೆ ಎಂಬ ಅಭ್ಯಾಸದ ನಂಬಿಕೆಯನ್ನು ನಮ್ಮ ವೃತ್ತಿಯವರು ದಿನಾ ಪರೀಕ್ಷಿಸಿಕೊಳ್ಳಬೇಕು. ಪ್ರೀತಿಪಾತ್ರರನ್ನು ಮಾತ್ರವಲ್ಲ, ತಾಯ್ನಾಡು, ಸ್ವಾತಂತ್ರ್ಯ, ಆದರ್ಶಗಳನ್ನು ಕಳೆದುಕೊಂಡವರೂ ಶೋಕಿಸುತ್ತಾರೆ ಎಂದು 1917ರ ಅದೇ ಪ್ರಬಂಧದ ಆರಂಭದಲ್ಲಿದೆ. ನಾನು ಮನೋವಿಶ್ಲೇಷಕಿಯಲ್ಲ, ವಾರಕ್ಕೆ ಒಂದು ಗಂಟೆ ಕೊಡುವ ಆಪ್ತಸಲಹೆಗಾರ್ತಿ. ಆ ಪರಂಪರೆಯಿಂದ ನಾನು ಎರವಲು ಪಡೆದದ್ದು ಇಷ್ಟೇ: ಪದಗಳಿಗೆ ಕಿವಿಗೊಡುವುದು, ತೀರ್ಪಿಗೆ ಅವಸರ ಪಡದಿರುವುದು.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಅಣ್ಣನ ಹತ್ತಿರ ರಾಜಕೀಯವನ್ನು ಸರಿಪಡಿಸಲು ಹೋಗಬೇಡಿ. ಆಸ್ಪತ್ರೆಯ ತೀರ್ಮಾನದ ಲೆಕ್ಕ ಕೇಳಲೂ ಹೋಗಬೇಡಿ. ಆ ಫೋನ್ ಕರೆಯ ಬಗ್ಗೆ ಹೇಳಿ, ಅಷ್ಟೇ ಸಾಕು. ಏಕೆಂದರೆ ಆ ತಂದೆಯನ್ನು ಕಳೆದುಕೊಂಡ ಇನ್ನೊಬ್ಬ ಮಗ ಅವರೊಬ್ಬರೇ. ಪಕ್ಷವನ್ನು ಬಿಡಬೇಡಿ, ಸಭೆಗಳಿಗೆ ಹೋಗಿ, ಬರೆಯಿರಿ. ರಾತ್ರಿ ಪರದೆಯ ಮುಂದೆ ಕೈ ನಡುಗುವಷ್ಟು ಕೋಪ ಬಂದಾಗ ಮಾತ್ರ ಉತ್ತರ ಬರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಇದರಲ್ಲಿ ಇಂದಿನ ಪಾಲು ಎಷ್ಟು, ಆ ರಾತ್ರಿಯ ಪಾಲು ಎಷ್ಟು.

ಹನ್ನೊಂದನೇ ಭೇಟಿಯ ನಂತರ ಅವರು ಅಣ್ಣನ ಮನೆಗೆ ಹೋದರು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಆ ದಿನ ವೈದ್ಯರು ತನಗೆ ಐದು ನಿಮಿಷ ಕೊಟ್ಟಿದ್ದರೆಂದೂ, ಅಂದಿನಿಂದ ತನಗೂ ನಿದ್ದೆಯಿಲ್ಲವೆಂದೂ ಹೇಳಿದರಂತೆ. ನಾಯಕನ ಭಾವಚಿತ್ರ ಗೋಡೆಯ ಮೇಲೆ ಇದ್ದಲ್ಲಿಯೇ ಇತ್ತಂತೆ. ಇವರು ಅದರ ಬಗ್ಗೆ ಏನೂ ಅನ್ನಲಿಲ್ಲ. ಮುಂದಿನ ವಾರ ಆ ಕಾನೂನಿನ ವಿರುದ್ಧದ ಮೆರವಣಿಗೆಯಲ್ಲಿ ನಡೆದರು.