ನಂಬಿಕೆಯಲ್ಲಿ ಅನುಮಾನ ಬಂದರೆ ಅದು ಪಾಪವೇ?

ಪ್ರಶ್ನೆ: ಕೋಲಾರದಲ್ಲಿದ್ದೇನೆ. ಚಿಕ್ಕಂದಿನಿಂದ ಚರ್ಚ್‌ಗೆ ಹೋಗುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಪ್ರಾರ್ಥನೆ ಬರೀ ಬಾಯಿಮಾತು ಅನ್ನಿಸುತ್ತಿದೆ. ಇದು ಪಾಪವೇ?

ಉತ್ತರ: ಪಾಪವಲ್ಲ. ಅನುಮಾನ ಬೇರೆ, ನಂಬುವುದೇ ಇಲ್ಲ ಎಂದು ತೀರ್ಮಾನಿಸುವುದು ಬೇರೆ. ಕೇಳುತ್ತಿದ್ದೀರಿ ಅಂದರೆ ಇನ್ನೂ ದೇವರ ಜೊತೆ ಮಾತು ಬಿಟ್ಟಿಲ್ಲ, ಅಲ್ವಾ?

ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನನೇ ಸೆರೆಮನೆ ಸೇರಿದ ಮೇಲೆ, ಬರಬೇಕಾದವನು ನೀನೋ ಅಥವಾ ಬೇರೊಬ್ಬನಿಗೆ ಕಾಯಬೇಕೋ ಎಂದು ತನ್ನ ಶಿಷ್ಯರಿಂದ ಯೇಸುವನ್ನು ಕೇಳಿಸಿದ. ಯೇಸು ಬೈಯಲಿಲ್ಲ. ತಾನು ಮಾಡುತ್ತಿದ್ದ ಕೆಲಸಗಳನ್ನೇ ಉತ್ತರವಾಗಿ ಹೇಳಿ ಕಳಿಸಿದ. ಆಮೇಲೆ ಜನರೆದುರು ಯೋಹಾನನನ್ನು ಹೊಗಳಿದ. ಇನ್ನು ಯೇಸುವಿನ ಶಿಷ್ಯ ತೋಮನನ್ನು ಸುಮ್ನೆ ಅನುಮಾನದ ಮನುಷ್ಯ ಅಂತ ಆಡಿಕೊಳ್ಳುತ್ತೇವೆ. ಯೇಸು ಸತ್ತು ಮತ್ತೆ ಎದ್ದುಬಂದದ್ದನ್ನು ನಂಬುವುದಿಲ್ಲ ಎಂದು ಹೇಳಿ ಎಂಟು ದಿನವಾದರೂ ಅವನು ಉಳಿದ ಶಿಷ್ಯರ ಜೊತೆಗೇ ಇದ್ದ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಹಾಗಾಗಿ ಭಾನುವಾರದ ಆರಾಧನೆ ಬಿಡಬೇಡಿ. ಹಾಡಲು ಆಗದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತಿರಿ. ಪ್ರಾರ್ಥನೆಗೆ ಮಾತು ಹೊರಡದಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಮಾತೇ ಇಲ್ಲ. ಆದರೂ ಬೈಬಲ್‌ನಲ್ಲಿ ಉಳಿದಿದೆ.

ಪಾಸ್ಟರ್ ಹತ್ತಿರವೋ ಹಿರಿಯರ ಹತ್ತಿರವೋ ಮಾತಾಡಿ. ಆದರೆ ಆಳು ನೋಡಿ ಮಾತಾಡಿ. ‘ಉಪವಾಸ ಮಾಡಿ, ಎಲ್ಲಾ ಸರಿಹೋಗುತ್ತೆ’ ಎಂದು ಎರಡೇ ಮಾತಲ್ಲಿ ಮುಗಿಸುವವರು ಬೇಡ.

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಅದು ನಂಬಿಕೆಯ ಪ್ರಶ್ನೆಯಷ್ಟೇ ಅಲ್ಲ, ದುಃಖ ದೇಹಕ್ಕೂ ಇಳಿದಿರಬಹುದು. ಡಾಕ್ಟರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೂ ಆಯಿತು. ಉಚಿತ, ಕನ್ನಡದಲ್ಲೇ ಮಾತಾಡಬಹುದು.